ನನ್ನ ಕಾದಂಬರಿಗೆ ಹತ್ತಕ್ಕೆ ಎರಡು

ಅಜ್ಜ ಕವಿ, ಅಪ್ಪ ಕವಿ ಇರುವ ಮನೆಯಲ್ಲಿ ಮೂರನೆಯವ ಕಾದಂಬರಿಕಾರ ಆಗಲಿಕ್ಕೆ ಹೊರಟರೆ ಎಂತೆಂತದೆಲ್ಲ ಆಗ್ತದೆ ಗೊತ್ತುಂಟಾ? ಐವತ್ತರ ದಶಕದ ಕೊನೆಗೆ ಬಂಟ್ವಾಳದ ನಮ್ಮ ಮನೆಯಲ್ಲಿ ವಾರಕ್ಕೊಂದು ಆಗ್ತಿತ್ತು!

೧. ಕರಾರು

ಅಜ್ಜ ಯಕ್ಷಗಾನದ ಪ್ರಸಂಗ ಬರೆದವರು. ಅಪ್ಪಯ್ಯ ಮೂಡಬಿದ್ರೆಯಲ್ಲಿ ಹೈಸ್ಕೂಲಿನ ಕನ್ನಡ ಪಂಡಿತರು, ಪದ್ಯವೂ ಬರೀತಿದ್ದರು. ವಾರವಿಡೀ ಅಲ್ಲಿ, ಶನಿವಾರ ಮನೆಗೆ. ನಾನು ಮಂಗಳೂರಿನ ಕಾಲೇಜು ಬಿಟ್ಟು ಬಂದವನೇ, "ಕಾದಂಬರಿ ಬರೀತೇನೆ, ವಾರಪತ್ರಿಕೆಯವರು ಧಾರಾವಾಹಿ ಹಾಕ್ತಾರಂತೆ" ಅಂದೆ.

"ಇಂಟರ್ ಪಾಸಾಗದವ ಕಾದಂಬರಿ ಬರೆಯುವುದಾ?"

"ಅಜ್ಜ ಮೂರನೇ ಕ್ಲಾಸಲ್ವಾ ಅಪ್ಪಯ್ಯ?"

"ಅವರಿಗೆ ಛಂದಸ್ಸು ಗೊತ್ತಿತ್ತು! ನಿನಗೆ ಎಂತ ಗೊತ್ತುಂಟು?"

ಕೊನೆಗೆ ಕರಾರಾಯ್ತು. ಕಾದಂಬರಿ ಪೂರ್ತಿ ಅಚ್ಚಾದರೆ ನಾನು ಸಾಹಿತಿ. ನಡುವೆ ನಿಂತರೆ ಮರುದಿನವೇ ಬೆಳ್ತಂಗಡಿಗೆ, ಭಾವನ ಜವಳಿ ಅಂಗಡಿಯಲ್ಲಿ ಬಟ್ಟೆ ಹರಿಯಲಿಕ್ಕೆ.

ಅಮ್ಮ ಒಳಗಿಂದ ಹೇಳಿದರು, "ಎರಡಕ್ಕೂ ಅಳತೆ ಬೇಕು ಮಗಾ. ಅಂಗಡಿಯಲ್ಲಾದರೆ ಗಜಕೋಲಾದರೂ ಉಂಟು."

೨. ಕಂಡಕ್ಟರನ ಔಷಧಿ

ಪ್ರತಿ ಕಂತನ್ನೂ ಕವರಿಗೆ ಹಾಕಿ ಬಸ್ ಕಂಡಕ್ಟರನ ಕೈಯಲ್ಲಿ ಮಂಗಳೂರಿಗೆ ಕಳಿಸ್ತಿದ್ದೆ. ಏಳನೇ ಕಂತಲ್ಲಿ ನಾಯಕಿಗೆ ಕ್ಷಯ ಬರಿಸಿದೆ. ಮರುದಿನ ಕಂಡಕ್ಟರ್ ಬಸ್ಸು ನಿಲ್ಲಿಸಿ ನಮ್ಮ ಅಂಗಳಕ್ಕೇ ಬಂದ.

"ಎಂತ ಮಾರಾಯ್ರೆ, ಪಾಪದ ಹೆಣ್ಣಿಗೆ ಕ್ಷಯ ಯಾಕೆ?"

"ನೀನು ಕವರು ಒಡೆದು ಓದಿದ್ಯಾ?"

"ನಾನೊಬ್ಬನೇ ಅಲ್ಲ, ಇಡೀ ಬಸ್ಸಿಗೆ ಓದಿ ಹೇಳಿದೆ. ಫರಂಗಿಪೇಟೆಯಲ್ಲಿ ಇಳಿಯುವವರು ಇಳಿಯದೆ ಅಳ್ತಾ ಮಂಗಳೂರಿಗೆ ಬಂದರು! ಅವಳಿಗೆ ಗುಣ ಮಾಡಿ. ಅಲ್ಲದಿದ್ದರೆ ಇನ್ನು ಕವರು ನೀವೇ ಹೊತ್ಕೊಂಡು ಹೋಗಿ."

ಎಂಟನೇ ಕಂತಲ್ಲಿ ನಾಯಕಿ ಎದ್ದು ಕೂತು ಎರಡು ಬಟ್ಟಲು ಗಂಜಿ ಉಂಡಳು.

೩. ನೊಂದ ಓದುಗ

ಅಷ್ಟರಲ್ಲಿ ಪತ್ರಿಕೆಯಲ್ಲಿ ನನ್ನನ್ನು ಬಯ್ಯುವ ಕಾಗದಗಳು ಬರಲಿಕ್ಕೆ ಶುರು. ಸಹಿ: 'ನೊಂದ ಓದುಗ'. ಆಹಾ, ಎಂಥಾ ಬೈಗುಳ! "ಈ ನಾಯಕ ಯೋಚಿಸುವುದಕ್ಕಿಂತ ಅವನ ಎತ್ತು ಹೆಚ್ಚು ಯೋಚಿಸುತ್ತದೆ." ಜನ ಕಾದಂಬರಿ ಬಿಟ್ಟು ಮೊದಲು ಕಾಗದ ಓದಿದರು. ನಮ್ಮ ಕಂಡಕ್ಟರನೂ!

ಸಂಪಾದಕರು ಒಂದು ಕಾಗದದ ಮೂಲಪ್ರತಿ ನನಗೆ ಕಳಿಸಿದರು. ಮೂಡಬಿದ್ರೆಯ ಅಂಚೆ ಮುದ್ರೆ. ಕೆಂಪು ಶಾಯಿ. ಕೊನೆಗೆ, "ಈ ಕಂತಿಗೆ ಹತ್ತಕ್ಕೆ ಎರಡು." ಹೆಸರು ಅಡಗಿಸಿದ ಅಪ್ಪಯ್ಯನಿಗೆ ಮಾರ್ಕು ಹಾಕುವ ಚಾಳಿ ಅಡಗಿಸಲಿಕ್ಕಾಗಲಿಲ್ಲ! ಕಾಗದ ಮಡಚಿ ಪೆಟ್ಟಿಗೆಯ ಅಡಿಗೆ ಇಟ್ಟೆ.

ಮುಂದಿನ ವಾರ ಸಿಡಿಲು. ಸಂಪಾದಕರು ಬರೆದಿದ್ದರು: "ನಿಮ್ಮ ಕಾದಂಬರಿ ನಿಲ್ಲಿಸಿ ಆ ಪುಟ ನೊಂದ ಓದುಗರಿಗೇ ಕೊಡುತ್ತೇವೆ. ಅಂಚೆ ಮುದ್ರೆ ನೋಡಿದರೆ ನಿಮ್ಮ ಕಡೆಯವರು, ದಯವಿಟ್ಟು ಪತ್ತೆ ಮಾಡಿ."

ಶನಿವಾರ ಊಟಕ್ಕೆ ಕೂತಾಗ ಹೇಳಿದೆ, "ಅಪ್ಪಯ್ಯ, ಕಾದಂಬರಿ ನಿಂತಿತು. ನಾಳೆ ಬೆಳ್ತಂಗಡಿಗೆ ಹೋಗ್ತೇನೆ."

ಅಪ್ಪಯ್ಯನ ತುತ್ತು ಬಾಯಿಗೆ ಹೋಗಲಿಲ್ಲ. "ನಿಂತಿತಾ? ಯಾರನ್ನು ಕೇಳಿ ನಿಲ್ಲಿಸಿದ್ದು?"

"ನಿಮಗೆ ಖುಷಿ ಅಲ್ವಾ?"

"ಖುಷಿಯಾ? ನಾನಿನ್ನು ಯಾರನ್ನು ಬಯ್ಯುವುದು ಮಾರಾಯ!" ಅಂದವರು ನಾಲಗೆ ಕಚ್ಚಿಕೊಂಡರು.

ಊಟ ಅರ್ಧಕ್ಕೇ ಬಿಟ್ಟು, ಕೈ ತೊಳೆದು, ಸಂಪಾದಕರಿಗೆ ಕಾಗದ ಬರೆಯಲಿಕ್ಕೆ ಕೂತರು. ನಾನು ಹಿಂದಿನಿಂದ ಬಗ್ಗಿ ಓದಿದೆ:

"ಮಾನ್ಯರೇ, ದುಡುಕಬೇಡಿ. ಈ ಹುಡುಗ ಇನ್ನೂ ಕೆಟ್ಟದಾಗಿ ಬರೆಯಬಲ್ಲ. ನನಗೆ ಪೂರ್ತಿ ನಂಬಿಕೆ ಉಂಟು."