ಎಕ್ಸ್, ವೈ ಮತ್ತು ಲೆಕ್ಕದ ಮೇಷ್ಟ್ರು

ಜೀವಶಾಸ್ತ್ರದ ಟೀಚರು ಹೆರಿಗೆ ರಜೆಗೆ ಹೋಗುವ ಮುನ್ನ ಒಂದು ಪಾಠವನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಗಿಸಿದ್ದರು. ಬಿಟ್ಟದ್ದು ಮನುಷ್ಯರ ಸಂತಾನೋತ್ಪತ್ತಿ. ಅದು ಲೆಕ್ಕದ ಮೇಷ್ಟ್ರ ತಲೆ ಮೇಲೆ ಬಿತ್ತು.

"ಇವತ್ತು ಶಿಕ್ಷಣ ಇಲಾಖೆಯ ಅಧಿಕಾರಿಯಮ್ಮ ಪಾಠ ಕೇಳೋಕೆ ಬರ್ತಾರೆ. ಇದೊಂದು ದಿನ ದಾಟಿಸಿಬಿಡಿ. ಆಮೇಲೆ ನೀವಾಯ್ತು, ನಿಮ್ಮ ಬೀಜಗಣಿತವಾಯ್ತು" ಎಂದರು ಮುಖ್ಯೋಪಾಧ್ಯಾಯಿನಿ.

ಮೇಷ್ಟ್ರಿಗೆ ಬೇಕಾದದ್ದೂ ಅಷ್ಟೇ. ಆದರೆ ಮಗಳ ತಂದೆಯಾಗಿದ್ದರೂ ಆ ಪಾಠದ ಒಂದು ಪದವನ್ನೂ ಅವರು ಬಾಯಿಬಿಟ್ಟು ಆಡಿದವರಲ್ಲ.

"ಹೆದರ್ತೀರಲ್ರೀ, ಇದೂ ಬೀಜದ ಲೆಕ್ಕಾನೇ ಅಲ್ವಾ?" ಎಂದು ಚಿತ್ರಕಲಾ ಮೇಷ್ಟ್ರು ನಕ್ಕರು.

ಕನ್ನಡ ಪಂಡಿತರು ಕರುಣೆಯಿಂದ, "ಹೆಸರು ಹಿಡಿದು ಕರೀಬೇಡಿ. ಸೂಚ್ಯವಾಗಿ ಹೇಳಿ" ಎಂದರು.

ಮೇಷ್ಟ್ರ ಮುಖ ಬೆಳಗಿತು. ಹೆಸರು ಹೇಳಲಾಗದ್ದನ್ನು ಎಕ್ಸ್ ಎನ್ನುವುದು ಅವರ ಕಸುಬೇ ಅಲ್ಲವೇ!

ತರಗತಿಯಲ್ಲಿ ಹಲಗೆಯ ಕಡೆ ಮುಖ, ಮಕ್ಕಳ ಕಡೆ ಬೆನ್ನು ಮಾಡಿ ಶುರುಮಾಡಿದರು. "ಒಂದು ಎಕ್ಸ್ ಇದೆ ಅಂತ ಇಟ್ಕೊಳ್ಳಿ. ಒಂದು ವೈ. ಎರಡೂ ಸೇರಿದರೆ..." ಸೀಮೆಸುಣ್ಣ ಪಟ್ಟನೆ ಮುರಿಯಿತು. "ಸೇರಿದರೆ... ಉತ್ತರ ಬರುತ್ತೆ."

ಅಷ್ಟರಲ್ಲಿ ಅಧಿಕಾರಿಯಮ್ಮ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಎಲ್ಲರೂ ಗುಬ್ಬಚ್ಚಿ ಎಂದು ಕರೆಯುವ ಹುಡುಗಿ ಎದ್ದಳು. "ಸರ್, ವೈ ತಂದೆ ಕಡೆಯಿಂದ ಮಾತ್ರ ಬರುತ್ತೆ, ಅಲ್ವಾ?"

"ಹಾಗೇನಿಲ್ಲಮ್ಮ. ಯಾವ ಕಡೆಯಿಂದ ಯಾವ ಕಡೆಗಾದರೂ ತರಬಹುದು. ಚಿಹ್ನೆ ಬದಲಾಗುತ್ತೆ, ಅಷ್ಟೆ."

ತರಗತಿ ಗೊಳ್ಳೆಂದಿತು.

"ಇಲ್ಲ ಸರ್, ತಾಯಿ ಹತ್ರ ವೈ ಇರೋದೇ ಇಲ್ಲ. ಅದಕ್ಕೇ ಹೆಣ್ಣು ಹುಟ್ಟಿತು ಅಂತ ಅಮ್ಮನ್ನ ಬೈಯೋದು ತಪ್ಪು."

"ಮುಟ್ಟು ಕಾಯಿಲೆ ಅಲ್ಲ ಸರ್" ಎಂದ ಇನ್ನೊಬ್ಬ. ಗಂಟಲೊಡೆದ ಅವನ ದನಿ ಹೋರಿಯಂತೆ ಹೊರಟು ಬೆಕ್ಕಿನ ಮರಿಯಂತೆ ಮುಗಿಯಿತು. "ಅಕ್ಕನಿಗೆ ಹೊಟ್ಟೆ ನೋವು ಬಂದ್ರೆ ನಾನೇ ಬಿಸಿನೀರಿನ ಚೀಲ ಕೊಡ್ತೀನಿ."

ಅಂಡಾಶಯ, ವೀರ್ಯಾಣು, ಗರ್ಭಕೋಶ ಎಲ್ಲವೂ ಸಂತೆಯಲ್ಲಿ ತರಕಾರಿ ಕೂಗಿದಂತೆ ಸಲೀಸಾಗಿ ಹೊರಬಿದ್ದವು. ಮೇಷ್ಟ್ರ ಕಿವಿ ಕೆಂಪಾಯಿತು.

"ಇದನ್ನೆಲ್ಲ ಯಾರು ಹೇಳಿಕೊಟ್ರೋ?"

"ಟೀಚರ ಹೊಟ್ಟೆ ಬೆಳೀತಾ ಇತ್ತಲ್ಲ ಸರ್! ನಾವು ಕೇಳ್ತಾನೇ ಇದ್ವಿ, ಅವರು ಹೇಳ್ತಾನೇ ಇದ್ರು."

ಅಧಿಕಾರಿಯಮ್ಮ ಎದ್ದು ನಿಂತರು. ತಮ್ಮ ಕತೆ ಮುಗಿಯಿತೆಂದು ಮೇಷ್ಟ್ರು ಮನಸ್ಸಿನಲ್ಲೇ ದೇವರಿಗೆ ಕೈಮುಗಿದರು.

"ಬೇಕಂತಲೇ ತಪ್ಪು ಹೇಳಿ, ಮಕ್ಕಳ ಬಾಯಿಂದ ಸರಿ ಹೇಳಿಸಿದ್ರಲ್ಲ ಮೇಷ್ಟ್ರೇ! ಇಂಥ ಪಾಠ ನಾನು ನೋಡೇ ಇಲ್ಲ. ಇನ್ನು ಮುಂದೆ ಈ ವಿಷಯ ನಿಮ್ಮದೇ."

"ಮೇಡಂ, ನನ್ನ ಬೀಜಗಣಿತ..."

"ಅದನ್ನ ಯಾರು ಬೇಕಾದ್ರೂ ಕಲಿಸ್ತಾರೆ ಬಿಡಿ. ಮಕ್ಕಳಿಗೆ ಎಲ್ಲಾ ಗೊತ್ತಿದೆ, ಗೊತ್ತಿಲ್ಲದಿರೋದು ದೊಡ್ಡೋರಿಗೆ. ಹೇಗೂ ಇವತ್ತು ಪೋಷಕರ ಸಭೆ, ಮಕ್ಕಳ ಮನೆಯವರೆಲ್ಲ ಬಂದು ಕೂತಿದಾರೆ. ನಡೀರಿ, ಈಗಲೇ ಒಂದು ಪಾಠ ಆಗಿಬಿಡಲಿ."

ಹಗ್ಗ ಹಿಡಿದು ಎಳೆದ ಕರುವಿನಂತೆ ಮೇಷ್ಟ್ರು ಅವರ ಹಿಂದೆ ನಡೆದರು. ಸಭಾಂಗಣ ತುಂಬಿತ್ತು. ಮೊಮ್ಮಗಳ ಪರವಾಗಿ ಸಭೆಗೆ ಬಂದಿದ್ದ ಮೇಷ್ಟ್ರ ಅತ್ತೆಯವರು ಮೊದಲ ಸಾಲಿನ ನಡುಮಧ್ಯೆ ಕೂತಿದ್ದರು. ಅಳಿಯನನ್ನು ಕಂಡದ್ದೇ ಹಿಗ್ಗಿ, ಸೆರಗು ಸರಿಮಾಡಿಕೊಂಡು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಶುರುಮಾಡಿ ಅಳಿಯಂದ್ರೇ, ನಾಚಿಕೋಬೇಡಿ. ಒಂಚೂರು ಜೋರಾಗಿ ಹೇಳಿ, ನನಗೆ ಕಿವಿ ಮಂದ."