ಮಾವನ ಕೆಂಪು ಪೆನ್ನು

ನಮ್ಮ ಸೋದರಮಾವನನ್ನು ಮದುವೆಗೆ ಕರೆಯುವವರ ಧೈರ್ಯವನ್ನು ಮೆಚ್ಚಬೇಕು! ನಮ್ಮೂರ ಕೋಟೆ ಬೀದಿಯ ಪ್ರೆಸ್ಸೊಂದರಲ್ಲಿ ಜೀವನವಿಡೀ ಕರಡು ತಿದ್ದಿದವರು. ಅವರು ನಿವೃತ್ತರಾದರು, ಜೇಬಿನ ಕೆಂಪು ಪೆನ್ನು ನಿವೃತ್ತವಾಗಬೇಕಲ್ಲ? ಮನೆಗೆ ಬಂದ ಆಮಂತ್ರಣ ಪತ್ರಿಕೆಯನ್ನೆಲ್ಲ ತಿದ್ದಿ, ಮದುವೆಯ ದಿನ ಮುಯ್ಯಿಯ ಕವರಿನೊಳಗೇ ಇಟ್ಟು ಮದುಮಗನ ಕೈಗೆ ಕೊಡುತ್ತಾರೆ!

ಹೋಟೆಲಿಗೆ ಕರೆದೊಯ್ದರೆ ಇನ್ನೂ ಕಷ್ಟ. ತಿಂಡಿಯ ಬೋರ್ಡು ಸರಿಯಾಗುವವರೆಗೆ ದೋಸೆ ಮುಟ್ಟುವುದಿಲ್ಲ. "ಪುಕ್ಸಟ್ಟೆ ತಿನ್ನಿ ಸಾರ್, ಬೋರ್ಡ್ ತಂಟೆಗೆ ಮಾತ್ರ ಬರ್ಬೇಡಿ" ಎಂದು ಮಾಲೀಕನೇ ಕೈಮುಗಿದ.

ಇದೆಲ್ಲ ನಗುವ ಮಾತು. ಹೋದ ವರ್ಷದ್ದು ಹಾಗಲ್ಲ. ಕುಂಸಿಯಿಂದ ನನ್ನ ತಂಗಿಯನ್ನು ನೋಡಲು ಬಂದ ಹುಡುಗನ ತಂದೆಯ ಉಚ್ಚಾರಣೆಯನ್ನು ಮಾವ ಮೂರು ಸಲ ತಿದ್ದಿದರು. ನಾಲ್ಕನೆಯ ಸಲಕ್ಕೆ ಆ ಹಿರಿಯರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಸಂಬಂಧ ಮುರಿಯಿತು. ತಂಗಿ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಈ ವರ್ಷ ಭದ್ರಾವತಿಯ ಸಂಬಂಧ ಕೂಡಿಬಂತು. ತಂಗಿ ಹುಡುಗನನ್ನು ಬಹಳ ಮೆಚ್ಚಿದ್ದಳು. ನಿಶ್ಚಿತಾರ್ಥ ಅವರ ಮನೆಯಲ್ಲೇ. ಕಾರಿನಲ್ಲಿ ಅಮ್ಮ, "ಕೈ ಮುಗೀತೀನಿ ಅಣ್ಣಾ, ಇವತ್ತೊಂದಿನ ಸುಮ್ನಿರು" ಎಂದಳು. ಮಾವ ದಾರಿಯ ಬೋರ್ಡುಗಳನ್ನು ಓದುತ್ತಿದ್ದರು.

ಲಗ್ನಪತ್ರಿಕೆಯನ್ನು ಹುಡುಗನ ತಂದೆ ತಾವೇ ಬರೆದಿದ್ದರು. "ಯಜಮಾನ್ರೇ, ನೀವೇ ಓದ್ಬಿಡಿ. ನಿಮ್ಮಂಥ ತಿಳಿದೋರು ಓದಿದ್ರೆ ನಮ್ಗೂ ಸಂತೋಷ" ಎಂದು ಅದನ್ನು ಮಾವನ ಕೈಗೇ ಕೊಡಬೇಕೆ! ನಾನು ಪಕ್ಕದಿಂದ ಇಣುಕಿದೆ. ಮೊದಲ ಸಾಲಿನಲ್ಲೇ ನಾಲ್ಕು ತಪ್ಪು. ತಂಗಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಮಾವ ಗಂಟಲು ಸರಿಮಾಡಿಕೊಂಡು ಓದಿದರು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಹುಬ್ಬು ಗಂಟಿಕ್ಕಲಿಲ್ಲ. ಅಬ್ಬಾ, ಮುಗಿಯಿತು ಎನ್ನುವಷ್ಟರಲ್ಲಿ ಕೈ ಜೇಬಿಗೆ ಹೋಯಿತು. ಕೆಂಪು ಪೆನ್ನು ಹೊರಬಂತು! ಅಮ್ಮ ಕಣ್ಣು ಮುಚ್ಚಿದಳು.

ಮಾವ ಹಾಳೆಯ ಕೊನೆಯಲ್ಲಿ, ಹಿರಿಯರು ರುಜು ಹಾಕುವ ಜಾಗದಲ್ಲಿ, ದುಂಡಗೆ ಸಹಿ ಮಾಡಿ, "ಚೆನ್ನಾಗಿ ಬರ್ದಿದೀರಿ" ಎಂದರು.

ವಾಪಸು ಬರುವಾಗ ತಡೆಯಲಾರದೆ ಕೇಳಿದೆ: "ಮಾವ, ಒಂದು ತಪ್ಪೂ ಕಾಣ್ಲಿಲ್ವಾ?"

"ಮೂವತ್ತೊಂದು."

"ಮತ್ತೆ ಸುಮ್ನಿದ್ರಿ?"

ಮಾವ ಕತ್ತೆತ್ತಿ ಮುಂದೆ ನೋಡಿದರು. ಮುಂದಿನ ಸೀಟಿನಲ್ಲಿ ತಂಗಿ ನಿದ್ದೆ ಹೋಗಿದ್ದಳು. "ಹೋದ್ವರ್ಷ ಅವ್ಳು ಅತ್ತಿದ್ದು ನನ್ನಿಂದ ಅಲ್ವೇನೋ ಮಾರಾಯ" ಎಂದು ಪೆನ್ನನ್ನು ನನ್ನ ಕೈಗಿಟ್ಟರು. "ಮದ್ವೆ ಮುಗಿಯೋವರ್ಗೂ ನಿನ್ನ ಹತ್ರಾನೇ ಇರ್ಲಿ."