ಮೂಗಿಗೆ ಕರ್ಚೀಫು, ಕಿವಿಗೆ ಹತ್ತಿ

ನನಗೆ ಸಿಟ್ಟು ಬರುವುದು ಅಪರೂಪ. ಬಂದರೆ ಮಾತ್ರ ಮೂರು ಪ್ರತಿಗಳಲ್ಲಿ ಬರುತ್ತದೆ. ಒಂದು ಸಂಬಂಧಪಟ್ಟವರಿಗೆ, ಒಂದು ಕಡತಕ್ಕೆ, ಇನ್ನೊಂದು ನನ್ನ ಹೆಂಡತಿಗೆ. ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿ ಕುಳಿತು ಪರರ ಅರ್ಜಿಗಳನ್ನು ಓದಿ ಓದಿ, ನನ್ನ ಸಿಟ್ಟಿಗೂ ‘ಮಾನ್ಯರೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯುವ ಅಭ್ಯಾಸವಾಗಿಬಿಟ್ಟಿದೆ. ಬೀದಿಯಲ್ಲಿ ನಿಂತು ಕೂಗಾಡುವವರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಅವರದು ಐದು ನಿಮಿಷಕ್ಕೆ ಇಳಿದುಹೋಗುತ್ತದೆ. ನನ್ನದು ಕರಡು ತಿದ್ದಿ, ಶುದ್ಧಪ್ರತಿ ತೆಗೆದು, ಲಕೋಟೆಗೆ ಅಂಟು ಹಚ್ಚುವ ತನಕ ಕುದಿಯುತ್ತಲೇ ಇರಬೇಕು.

ಆ ಸಲ ನನ್ನನ್ನು ಕುದಿಸಿದವನು ಸತೀಶ. ಆಗಿನ್ನೂ ಮನೆಮನೆಗೆ ಡಿಶ್ ಬಂದಿರಲಿಲ್ಲ. ಮಿಕ್ಸರ್ ರಿಪೇರಿಯ ಉದಯ ತನ್ನ ಅಂಗಡಿಯ ಮಾಳಿಗೆಯಲ್ಲಿ ಗೋಡೆಗೆ ಒಂದು ನೀಲಿ ಹಾಸುಹೊದಿಕೆ ಕಟ್ಟಿ, ಮೇಜಿನ ಮೇಲೆ ಪ್ಲಾಸ್ಟಿಕ್ ಗುಲಾಬಿ ಇಟ್ಟು, ಊರಿಗೆಲ್ಲ ಕೇಬಲ್ ಸಮಾಚಾರ ಹಂಚುತ್ತಿದ್ದ. ಅದನ್ನು ಓದುವವನೇ ಸತೀಶ. ಚೆಂಡಿಯಾದಲ್ಲಿ ಮನೆ, ಗದ್ದೆ ನೌಕಾನೆಲೆಗೆ ಹೋಗಿ, ತಾಯಿಯ ಜೊತೆ ಪುನರ್ವಸತಿ ಕಾಲನಿಗೆ ಬಂದವನು. ದನಿ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಸಿಕ್ಕಿದ ನೌಕರಿ. ಕರೆಂಟು ಹೋಗುವ ಹೊತ್ತು, ಬಸ್ಸಿನ ಬದಲಾದ ವೇಳೆ, ಯಾರದೋ ಹನ್ನೆರಡನೆಯ ದಿನ, ಇವೆಲ್ಲ ಓದಿದ ಮೇಲೆ ಕೊನೆಗೆ ಮೀನು ಸಮಾಚಾರ. ಮಾರ್ಕೆಟ್ಟಿಗೆ ಯಾವ ಮೀನು ಬಂದಿದೆ ಎಂದು ತಿಳಿಯದೆ ಕಾರವಾರದ ಯಾವ ಮನೆಯಲ್ಲೂ ತೆಂಗಿನಕಾಯಿ ಒಡೆಯುವುದಿಲ್ಲವಾದ್ದರಿಂದ, ದಿಲ್ಲಿಯ ಸುದ್ದಿ ತಪ್ಪಿದರೂ ಇದನ್ನು ಯಾರೂ ತಪ್ಪಿಸುತ್ತಿರಲಿಲ್ಲ. ಒಮ್ಮೆ ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನು ಬೆಳಿಗ್ಗೆ ಏಳಕ್ಕೊಮ್ಮೆ, ಮಧ್ಯಾಹ್ನ ಒಂದಕ್ಕೊಮ್ಮೆ, ಸಂಜೆ ಮತ್ತೊಮ್ಮೆ ಹಾಕುತ್ತಿದ್ದರು. ಅದೇ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಬೆಳಗಿನ ಬಸ್ಸಿನಲ್ಲಿ ಅಂಕೋಲೆಗೂ ಹೋಗಿ, ಅಲ್ಲಿ ಉದಯನ ಭಾವನ ಕೇಬಲ್ಲಿನಲ್ಲಿ ಮೂರು ಸಲ ಓಡುತ್ತಿತ್ತು.

ಒಂದು ದಿನ ಈ ಸತೀಶ ಏನು ಹೇಳಿದ ಗೊತ್ತೇ? “ಇವತ್ತು ಬಂಗಡೆ ಬಂದಿದೆ, ತಾರ್ಲೆ ಅಗ್ಗ. ಆದರೆ ಮಾರ್ಕೆಟ್ಟಿಗೆ ಹೋಗುವವರು ಮೂಗಿಗೆ ಕರ್ಚೀಫು, ಕಿವಿಗೆ ಹತ್ತಿ ತಗೊಂಡೇ ಹೋಗಿ. ಮೀನಿನ ನಾತವಾದರೂ ಸೋಪು ಹಾಕಿದರೆ ಹೋದೀತು, ಮೀನಿನ ಹೆಂಗಸರ ಬಾಯಿಗೆ ಯಾವ ಸೋಪೂ ಇಲ್ಲ. ಆ ಜನವೇ ಹಾಗೆ!” ಹೇಳಿ ತಾನೇ ನಕ್ಕ. ಸತ್ಯ ಹೇಳಬೇಕೆಂದರೆ ಆ ಹೊತ್ತಿಗೆ ನಾನು ದಾಡಿ ಮಾಡಿಕೊಳ್ಳುತ್ತಿದ್ದೆ. ನಕ್ಕೆನೋ ಇಲ್ಲವೋ ನೆನಪಿಲ್ಲ. ಗಲ್ಲದ ಮೇಲೊಂದು ಗಾಯವಾದದ್ದು ಮಾತ್ರ ನೆನಪಿದೆ.

ಮರುದಿನ ನಮ್ಮ ಗುಲಾಬಕ್ಕ ಬರಲಿಲ್ಲ. ಗುಲಾಬಕ್ಕ ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ಬಂದು, ನಮ್ಮ ಕಾಜುಬಾಗದ ಓಣಿಯಲ್ಲಿ ನಾಲ್ಕೈದು ಖಾಯಂ ಮನೆಗಳಿಗೆ ಮೀನು ಕೊಟ್ಟು, ಉಳಿದದ್ದನ್ನು ಮಾರ್ಕೆಟ್ಟಿನಲ್ಲಿ ಕೂತು ಮಾರುವವಳು. ಹದಿನೆಂಟು ವರ್ಷದ ವಾಡಿಕೆ. ತುಂಬಿದ ಮೀನು ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ; ಆದ್ದರಿಂದ ಯಾವ ಮನೆಯ ಜಗಲಿಯಲ್ಲಿ ಬುಟ್ಟಿ ಇಳಿಯಿತೋ ಆ ಮನೆಯವರೇ ಅದನ್ನು ಮತ್ತೆ ಎತ್ತಿಕೊಡಬೇಕು. ಮೀನು ಕೊಂಡರೂ ಅಷ್ಟೇ, ಕೊಳ್ಳದಿದ್ದರೂ ಅಷ್ಟೇ. ಇದು ನಮ್ಮ ಕಡೆ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುವ ಕಾನೂನು. ನಮ್ಮ ಮನೆಯಲ್ಲಿ ಈ ಇಲಾಖೆ ನನ್ನ ಹೆಂಡತಿ ಸುಮನಳದು. ಬಂಗಡೆಯ ಕಿವಿರು ಎತ್ತಿ ಕೆಂಪಿದೆಯೋ ಇಲ್ಲವೋ ನೋಡುವುದು, ಐದು ಕೊಂಡರೆ ಮೇಲೊಂದು ಕೇಳುವುದು, ಇಷ್ಟು ನನ್ನದು. ಅಷ್ಟರಲ್ಲಿ ಆಫೀಸಿನ ಹೊತ್ತಾಗುತ್ತದೆ, ಮೈಮೇಲೆ ಇಸ್ತ್ರಿಯ ಅಂಗಿ ಇರುತ್ತದೆ.

ಎರಡನೆಯ ದಿನವೂ ಬರಲಿಲ್ಲ, ಮೂರನೆಯ ದಿನವೂ ಇಲ್ಲ. ಪಕ್ಕದ ಮನೆಯವರು ದಾರಿಯಲ್ಲಿ ಸಿಕ್ಕಾಗ ಕೇಳಿದ್ದಕ್ಕೆ, “ಕೇಬಲ್ ಇದ್ದ ಮನೆಗೆ ನಾ ಬರೂದಿಲ್ಲ. ನಿಮ್ಮ ಮೂಗಿಗೆ ಎಂತಕ್ಕೆ ತ್ರಾಸು?” ಎಂದು ಹೇಳಿ ಹೋದಳಂತೆ. ಮಾರ್ಕೆಟ್ಟಿಗೆ ಹೋಗಿ ತರೋಣವೆಂದರೆ ಅಲ್ಲಿನ ಹೆಂಗಸರ ಮುಖ ನೋಡುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾಲ್ಕು ದಿನ ಸತತವಾಗಿ ತೊಗರಿಬೇಳೆ ಸಾರು ಉಂಡ ಮೇಲೆ ನನ್ನ ನ್ಯಾಯಪ್ರಜ್ಞೆ ಎಚ್ಚರವಾಯಿತು.

ಎಚ್ಚರವಾದದ್ದು ಬೇಳೆಯಿಂದಲೇ ಇರಬಹುದು, ಆದರೆ ಸಿಟ್ಟು ನಿಜವಾದದ್ದು. ಈಗಲೂ ಹೇಳುತ್ತೇನೆ. ನಾನು ಒಂದು ಪತ್ರದಲ್ಲಿ ಇಸವಿ ತಪ್ಪು ಬರೆದರೆ ಸಾಹೇಬರು ಮೆಮೊ ಕೊಡುತ್ತಾರೆ. ಕೈಗಾಕ್ಕೆ ನೌಕರರನ್ನು ಒಯ್ಯುವ ಬಸ್ಸಿನ ಡ್ರೈವರು ಒಂದು ಕಲ್ಲಿಗೆ ತಾಗಿಸಿದರೆ ವಿಚಾರಣೆ. ಆದರೆ ಬೆಳಕು ಹರಿಯುವ ಮೊದಲೇ ಎದ್ದು ದೋಣಿ ತಾಗುವ ದಕ್ಕೆಗೆ ಓಡಿ, ತಲೆಯ ಮೇಲೆ ಬುಟ್ಟಿ ಹೊತ್ತು ಊರಿಗೆ ಅನ್ನ ಇಳಿಯುವ ಹಾಗೆ ಮಾಡುವ ಹೆಂಗಸರನ್ನು ಒಬ್ಬನು ನೀಲಿ ಹಾಸುಹೊದಿಕೆಯ ಮುಂದೆ ಕೂತು ಹೀನಾಯವಾಗಿ ಆಡಿದರೆ ಅವನಿಗೆ ಏನೂ ಇಲ್ಲ! ಮೇಲಿಂದ ಸೀರೆ ಅಂಗಡಿಯ ಜಾಹೀರಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇದು ಆಡಿದರೂ ಹೋಗದ ಮಾತು, ಕ್ಯಾಸೆಟ್ಟಿನಲ್ಲಿ ಕೂತು ದಿನಕ್ಕೆ ಮೂರು ಸಲ ಬರುವ ಮಾತು. ಮಾತೇ ಅವನ ಕಸುಬು ಎಂದ ಮೇಲೆ ಮಾತು ಕೆಟ್ಟರೆ ಕಸುಬು ಹೋಗಲೇಬೇಕು. ಹೀಗೆಂದು ನಾನು ಉದಯನಿಗೆ ಎರಡು ಪುಟ ಬರೆದು, ‘ಸದರಿ ವಾಚಕನನ್ನು ಕೂಡಲೇ ಕೆಲಸದಿಂದ ವಜಾ ಮಾಡತಕ್ಕದ್ದು, ತಪ್ಪಿದಲ್ಲಿ ನಾವೆಲ್ಲರೂ ಕೇಬಲ್ ತಂತಿ ಕಡಿಸತಕ್ಕದ್ದು’ ಎಂದು ಮುಗಿಸಿ, ಇಡೀ ಓಣಿಯ ಸಹಿ ತೆಗೆದುಕೊಂಡೆ.

ಸುದ್ದಿ ತಿಳಿದು ಸತೀಶ ಮನೆಗೇ ಬಂದ. ಟೀವಿಯಲ್ಲಿ ಎದೆಯ ತನಕ ಮಾತ್ರ ಕಾಣುತ್ತಿದ್ದವನ ಕಾಲಿಗೆ ಹವಾಯಿ ಚಪ್ಪಲಿ ಇತ್ತು. “ಸರ್, ತಪ್ಪಾಯ್ತು. ಬರೇ ಓದಿದ್ರೆ ಯಾರೂ ನೋಡೂದಿಲ್ಲ, ನಾಕು ಜನ ನಗೂ ಹಾಂಗೆ ಹೇಳು ಹೇಳಿ ಉದಯಣ್ಣನೇ ದಿನಾ ಗಂಟು ಬೀಳ್ತಿದ್ದ. ಈಗ ಅವನೇ ನಂಗೆ ನಾಳೆಯಿಂದ ಬರ್ಬೇಡ ಅಂತಾನೆ. ಮನೇಲಿ ಅವ್ವಿ ಒಂದೇ ಅದೆ ಸರ್,” ಎಂದ. ನನಗೆ ಒಂದು ಗಳಿಗೆ ಮನಸ್ಸು ಕರಗಿತು. ಆದರೆ ಸಹಿ ಬಿದ್ದ ಕಾಗದವನ್ನು ಹರಿಯುವುದು ನಮ್ಮ ವೃತ್ತಿಧರ್ಮದಲ್ಲಿಲ್ಲ. “ನಗಿಸು ಅಂದರೆ ನಿನ್ನ ಮೇಲೆ ನೀನೇ ನಗೆ ಮಾಡ್ಕೊಬೇಕಿತ್ತಪ್ಪ,” ಎಂದು ಕಳಿಸಿದೆ. ಅವನು ಹೋದ ಮೇಲೆ ಸುಮನ, “ಹೋಯ್, ಅವನ ಕೆಲ್ಸ ತೆಗ್ದು ಇನ್ನೊಬ್ಬನ್ನ ಕೂರ್ಸಿದ್ರೆ ಆ ಉದಯ ಅವನಿಗೂ ನಗ್ಸು ಹೇಳೂದಿಲ್ವಾ?” ಎಂದಳು. ಪ್ರಶ್ನೆ ಸರಿಯಾಗಿತ್ತು. ಹಾಗಾಗಿ ‘ಪರಿಶೀಲನೆಯಲ್ಲಿದೆ’ ಎಂದು ಬದಿಗಿಟ್ಟೆ.

ಅರ್ಜಿಯಲ್ಲಿ ಒಂದೇ ಕೊರತೆ, ಬಾಧಿತರ ಸಹಿ. ಅದಕ್ಕಾಗಿ ನಾನೇ ಗಟ್ಟಿ ಮನಸ್ಸು ಮಾಡಿ ಮಾರ್ಕೆಟ್ಟಿಗೆ ಹೋದೆ. ಗುಲಾಬಕ್ಕ ತನ್ನ ಕಟ್ಟೆಯ ಮೇಲೆ ತಾರ್ಲೆ ಹರಡಿಕೊಂಡು ಕೂತಿದ್ದಳು. ನಾನು ಎರಡು ಪುಟವನ್ನೂ ಸ್ಪಷ್ಟವಾಗಿ ಓದಿದೆ. ನೊಣ ಓಡಿಸುತ್ತ ಕೇಳಿ, “ಚಂದ ಬರ್ದಿರಿ ಸಾಹೇಬ್ರೇ. ಅವನ ಕೆಲ್ಸ ಹೋದ್ರೆ ನಂಗೆ ಎಂತ ಬತ್ತದೆ?” ಎಂದಳು.

“ನ್ಯಾಯ ಬರ್ತದೆ.”

“ಅವನ ಅವ್ವಿ ವಾರಕ್ಕೆ ಎರಡು ಸಲ ನನ್ನ ಹತ್ರ ತಾರ್ಲೆ ತಕ್ಕಂತದೆ. ಅದು ನಿಲ್ತದೆ. ನೋಡಿ, ಇಲ್ಲಿ ಯಾರಾರೂ ನಂಗೆ ಒಂದು ಮಾತು ಅಂದ್ರೆ ನಾ ಎರಡು ಅಂತೇನೆ. ಅಲ್ಲಿಗೆ ಮುಗೀತು. ಸಂಜಿಗೆ ಕಟ್ಟೆಗೆ ನೀರು ಹೊಯ್ವಾಗ ಅದೂ ನೀರಿನ ಸಂಗ್ತಿಗೆ ಹೋಗ್ತದೆ. ಆ ಪೆಟ್ಟಿಗೆ ಒಳಗೆ ಕೂತು ಅಂದ್ರೆ ನಾ ಯಾರಿಗೆ ತಿರ್ಗಿ ಅನ್ನೂದು?” ಇಷ್ಟು ಹೇಳುವಾಗ ಅವಳ ದನಿ ಒಮ್ಮೆ ಸಣ್ಣದಾಯಿತು. “ಅಂಕೋಲೆಲಿ ನನ್ನ ಮಗಳ ಅತ್ತೆ, ಮಾವ ಎಲ್ಲಾ ಕೂತು ನೋಡ್ತಿದ್ರಂತೆ. ಎಲ್ಲರೂ ನಗಾಡಿದ್ರಂತೆ. ಮಗಳು ಎದ್ದು ಒಳಗೆ ಹೋಯ್ತಂತೆ. ಮಧ್ಯಾಹ್ನ ಅದೇ ಮಾತು ಮತ್ತೆ ಬಂತಂತೆ, ಸಂಜಿಗೆ ಮತ್ತೆ ಬಂತಂತೆ. ನಂಗೆ ಅವನ ಕೆಲ್ಸ ಬ್ಯಾಡ. ಅದೇ ಪೆಟ್ಟಿಗೇಲಿ ನಂಗೂ ಅಷ್ಟೇ ಹೊತ್ತು ಕೊಡೂಕೆ ಹೇಳಿ. ಮೂರು ಸಲ ಹಾಕ್ಲಿ. ಅಂಕೋಲೆಗೂ ಕಳಿಸ್ಲಿ.”

ಹದಿನೆಂಟು ವರ್ಷದಲ್ಲಿ ಅವಳ ಬಾಯಲ್ಲಿ ಸಣ್ಣ ದನಿ ಕೇಳಿದ್ದು ಅದೇ ಮೊದಲು. ಆ ಮಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ನನ್ನ ಸಿಟ್ಟು ಇಮ್ಮಡಿಯಾಯಿತು. ಉದಯನ ಅಂಗಡಿಗೆ ಹೋಗಿ ಮೇಜು ಗುದ್ದಿ ಹೇಳಿದೆ. ಅವನು ತಂತಿ ಕಡಿಸುವ ಮಾತು ಕೇಳಿ ಹೆದರಿದನೋ, ಊರೆಲ್ಲ ನೋಡೀತು ಎಂದು ಹಿಗ್ಗಿದನೋ, ಅಂತೂ ಒಪ್ಪಿದ. ಸತೀಶ ಅವಳ ಪಕ್ಕದಲ್ಲೇ ಕೂತು ಕೇಳತಕ್ಕದ್ದು. ಆಮೇಲೆ ಅವನನ್ನು ಇಡಬೇಕೋ ಬೇಡವೋ ಗುಲಾಬಕ್ಕ ಹೇಳಿದಂತೆ. ಅವಳು ತಡವರಿಸಬಾರದೆಂದು ನಾನೇ ಒಂದು ಪುಟ ಭಾಷಣ ಬರೆದುಕೊಟ್ಟೆ. ಅವಳು ಅದನ್ನು ಮಡಿಸಿ ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಆ ಕಾಗದದಲ್ಲಿ ಮುಂದೆ ಸುಣ್ಣ ಕಟ್ಟಿದ್ದನ್ನು ನಾನೇ ನೋಡಿದ್ದೇನೆ.

ಆ ದಿನ ಬೆಳಿಗ್ಗೆ ಏಳಕ್ಕೆ ಓಣಿಯೆಲ್ಲ ನಮ್ಮ ಮನೆಯಲ್ಲಿ. ಹೋರಾಟದ ಮುಖಂಡನ ಮನೆಯಲ್ಲವೇ? ಸುಮನ ಅವಲಕ್ಕಿ ಕಲಸಿದ್ದಳು. ಟೀವಿಯಲ್ಲಿ ಗುಲಾಬಕ್ಕ ತಲೆಗೆ ಅಬ್ಬಲಿ ಹೂವಿನ ದಂಡೆ ಮುಡಿದು ಕೂತಿದ್ದಳು. ಪಕ್ಕದಲ್ಲಿ ಸತೀಶ ತಲೆ ತಗ್ಗಿಸಿಕೊಂಡು. “ಏ ತಮ್ಮಾ,” ಎಂದು ಶುರುಮಾಡಿದಳು, “ಮೂಗು ಮುಚ್ಚೂಕೆ ಹೇಳ್ದೆ ನೀನು. ನೀ ಹುಟ್ದಾಗ ನಿನ್ನ ಅವ್ವಿಗೆ ಎದೆಹಾಲು ಬರ್ಲಿ ಹೇಳಿ ಮರಿ ಸೊರ ಮೀನು ಹುಡ್ಕಿ ಚೆಂಡಿಯಾದ ತನಕ ತಂದು ಕೊಟ್ಟವ್ಳು ನಾನು. ಆ ಹಾಲು ಕುಡಿವಾಗ ನಾತ ಬಂದಿತ್ತಾ ನಿಂಗೆ? ಈ ಬಾಯಲ್ಲಿ ಕೂಗ್ದೆ ಇದ್ರೆ ನಿಮ್ಮ ಊರಿನವ್ರು ಮೀನನ್ನ ಪುಕ್ಕಟೆ ತಕ್ಕಂಡು ಹೋಗ್ತ್ರು. ನನ್ನ ಬಾಯೇ ನನ್ನ ತಕ್ಕಡಿ.” ಸತೀಶ ಕಣ್ಣೊರೆಸಿಕೊಂಡ. ಓಣಿಯೆಲ್ಲ ಚಪ್ಪಾಳೆ ಹೊಡೆಯಿತು. ನಾನು ಎಲ್ಲರಿಗಿಂತ ಜೋರಾಗಿ ಹೊಡೆದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಹೊತ್ತು ಉಳಿದಿತ್ತೆಂದು ಕಾಣುತ್ತದೆ. “ಇವ ಪಾಪ, ಬಾಯಲ್ಲಿ ಅಂದ, ತಪ್ಪಾಯ್ತು ಅಂದ. ಇವನ ಕೆಲ್ಸ ಇರ್ಲಿ. ಬಾಯಲ್ಲಿ ಅನ್ನದೆ ಮಾಡುವವ್ರು ಇದ್ರಲ್ಲ, ಅವ್ರಿಗೆ ಎಂತ ಮಾಡ್ತ್ರಿ? ಕಾಜುಬಾಗದಲ್ಲಿ ಒಬ್ರು ಸಾಹೇಬ್ರು. ಹೆಸರು ಹೇಳೂದಿಲ್ಲ. ನನ್ನ ಪರವಾಗಿ ಅರ್ಜಿ ಬರ್ದವ್ರು ಅವ್ರೇ, ಒಳ್ಳೇವ್ರು. ಬಂಗಡೆ ಕಿವಿರು ಎತ್ತೂಕೆ ಅವರ ಕೈ ಬತ್ತದೆ, ಬುಟ್ಟಿ ಎತ್ತೂಕೆ ಬತ್ತಿಲ್ಲ. ಅವರ ಮನೆ ವೈನಿ ಸೊಂಟನೋವು ಇಟ್ಕಂಡು ಎತ್ತಿ ಕೊಡ್ತದೆ. ಇವ್ರು ಬಾಗಿಲ ಸಂದಿಲಿ ಮೂಗಿಗೆ ಕರ್ಚೀಫು ಹಿಡ್ಕಂಡು ನಿಂತಿರ್ತ್ರು. ಹದಿನೆಂಟು ವರ್ಷ ಆಯ್ತು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಕಿಸೆಯ ಕರ್ಚೀಫಿಗೆ ಹೋಯಿತು. ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ ಓಣಿಗೆ ಓಣಿಯೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಸೊಂಟನೋವಿನ ಸುಮನ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದೇನು ನ್ಯಾಯ? ಒಬ್ಬ ಗೌರವಸ್ಥನನ್ನು ಅವನ ಮನೆಯ ಟೀವಿಯಲ್ಲೇ, ಅವನ ಅವಲಕ್ಕಿ ತಿನ್ನುವವರ ಎದುರಿಗೇ ಹೀಗೆ ಆಡಬಹುದೇ? ಇಂಥದ್ದನ್ನು ಹಾಕಿದ ಉದಯನ ಕೇಬಲ್ಲನ್ನೇ ಮುಚ್ಚಿಸಬೇಕು ಎಂದು ಮೂರು ಹಾಳೆ, ನಡುವೆ ಕಾರ್ಬನ್ ಇಟ್ಟು ಕೂತೆ. ‘ಮಾನ್ಯರೇ’ ಎಂದು ಬರೆದೆ. ಮುಂದೆ, ಅವಳು ಹೇಳಿದ್ದರಲ್ಲಿ ಯಾವುದು ಸುಳ್ಳು ಎಂದು ಬರೆಯಬೇಕಾಗಿತ್ತು. ಮಧ್ಯಾಹ್ನ ಒಂದಕ್ಕೆ ಮತ್ತೆ ಬಂತು. ಸಂಜೆ ಅಂಕೋಲೆಯಿಂದ ನಾದಿನಿ ಫೋನು ಮಾಡಿ, “ಭಾವ, ಟೀವಿಲಿ ಬಂದ್ರಂತೆ!” ಎಂದಳು.

ಮರುದಿನ ಗುಲಾಬಕ್ಕ ಏನೂ ಆಗದವಳ ಹಾಗೆ ಬಂದು ಜಗಲಿಯಲ್ಲಿ ಬುಟ್ಟಿ ಇಳಿಸಿದಳು. ನನ್ನ ಮುಖ ನೋಡಿ, “ಹೇಳಿ ಸಾಹೇಬ್ರೇ, ನಂದಾಯ್ತು, ಈಗ ನಿಮ್ಮ ಪಾಳಿ. ಅಂದು ಮುಗ್ಸಿ,” ಎಂದಳು. ಅವಳ ಕಾನೂನಿನ ಪ್ರಕಾರ ನನಗೆ ಎರಡು ಮಾತಿನ ಹಕ್ಕಿತ್ತು. ಇಪ್ಪತ್ತಾರು ವರ್ಷ ಊರಿನ ತಕರಾರುಗಳಿಗೆಲ್ಲ ಉತ್ತರ ಬರೆದವನು ನಾನು. “ಐದು ಬಂಗಡೆ ಕೊಡು,” ಎಂದೆ. ಮೇಲೊಂದು ಕೇಳಲಿಲ್ಲ. ಅವಳೇ ಹಾಕಿದಳು.

ಬುಟ್ಟಿಗೆ ಕೈಹಾಕಲು ಬಂದ ಸುಮನಳನ್ನು ತಡೆದು ನಾನೇ ಹೋದೆ. ಎತ್ತುವುದಕ್ಕೂ ಒಂದು ಹದವಿದೆ ಎಂದು ನನಗೇನು ಗೊತ್ತು? ನನ್ನ ಬದಿ ಮೇಲಾಯಿತು, ಅವಳ ಬದಿ ಕೆಳಗಾಯಿತು, ಆಮೇಲೆ ಅವಳ ಬದಿ ಮೇಲಾಗಿ ಮೀನಿನ ನೀರೆಲ್ಲ ನನ್ನ ಮೊಣಕೈಯಿಂದ ಇಳಿದು ಇಸ್ತ್ರಿಯ ಅಂಗಿಯೊಳಗೆ ಹೋಯಿತು. “ಸಾಕು ಸಾಹೇಬ್ರೇ, ಕಲ್ತ್ರಿ,” ಎಂದು ಅವಳು ಸೇತುವೆಯಷ್ಟು ನೆಟ್ಟಗೆ ನಡೆದುಹೋದಳು. ಬಟ್ಟೆ ಬದಲಿಸುವಷ್ಟು ಹೊತ್ತಿರಲಿಲ್ಲ. ಒಂದು ಒಳ್ಳೆಯ ಕೆಲಸ ಮಾಡಿದ ಹಗುರದಲ್ಲಿ ಕಚೇರಿಗೆ ಹೋಗಿ, ಫ್ಯಾನಿನ ಕೆಳಗೆ ನನ್ನ ಕುರ್ಚಿಯಲ್ಲಿ ಕೂತೆ. ಪಕ್ಕದ ಮೇಜಿನವನು ಎರಡು ಸಲ ನನ್ನ ಕಡೆ ನೋಡಿದ. ಮೆಲ್ಲಗೆ ಕಿಸೆಯಿಂದ ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡ.

ಇಂಥವರನ್ನು ಒಂದು ದಿನವೂ ಕೆಲಸದಲ್ಲಿ ಇಟ್ಟುಕೊಳ್ಳಬಾರದು ಎಂದು ನನಗೆ ಆ ಕ್ಷಣದಲ್ಲೇ ಅನ್ನಿಸಿತು.